ಬೆಲ್ಲಕ್ಕೆ ಅಂಕ ಹಾಕುವವರು

ವೈನಿಗೆ ವಿಮರ್ಶಕರಿದ್ದಾರೆ. ಅವರು ಲೋಟ ಅಲ್ಲಾಡಿಸುತ್ತಾರೆ, ಅದರೊಳಗೆ ಮೂಗು ಇಳಿಸುತ್ತಾರೆ, ಒಂದು ಗುಟುಕು ಬಾಯಲ್ಲಿ ಮುಕ್ಕಳಿಸಿ ಉಗಿಯುತ್ತಾರೆ, ಆಮೇಲೆ ನೂರಕ್ಕೆ ಇಂತಿಷ್ಟು ಎಂದು ಬರೆದುಕೊಳ್ಳುತ್ತಾರೆ. ಉಗಿದದ್ದಕ್ಕೆ ದುಡ್ಡು ಬರುವ ಗೌರವಸ್ಥ ಕಸುಬು ಇದೊಂದೇ. ಆದರೆ ವೈನ್ ರಸಿಕರಿಗೆ ಈ ವಿಮರ್ಶಕರ ಬಗ್ಗೆ ಅಂಥ ಒಳ್ಳೆಯ ಅಭಿಪ್ರಾಯವೇನಿಲ್ಲ. ಪಕ್ಕದ ಸೀಮೆಯ ಕೆಟ್ಟ ವೈನನ್ನು ಹೊಗಳುತ್ತಾರೆ, ನಮ್ಮ ಸೀಮೆಯ ಒಳ್ಳೆಯ ವೈನಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂಬುದು ಯಾವ ದೇಶಕ್ಕೆ ಹೋದರೂ ಕೇಳಿಬರುವ ದೂರು.

ಈ ದೂರನ್ನು ಶಾಸ್ತ್ರೋಕ್ತವಾಗಿ ಪರಿಶೀಲಿಸಲು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲೂಕುಗಳನ್ನು ಆರಿಸಿಕೊಳ್ಳಲಾಗಿದೆ. ಅಲ್ಲಿ ವೈನ್ ಎಲ್ಲಿದೆ ಸ್ವಾಮಿ ಎಂಬ ಆಕ್ಷೇಪ ಬರಬಹುದು. ಇದು ಚಿಲ್ಲರೆ ಆಕ್ಷೇಪ. 2007ರಲ್ಲಿ ಕರ್ನಾಟಕ ಸರಕಾರ ಒಂದೇ ವರ್ಷದಲ್ಲಿ ಎರಡು ಕೆಲಸ ಮಾಡಿತು. ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೊಂದನ್ನು ತಂದಿತು. ಆಗ ಹಣಕಾಸು ಖಾತೆ ನೋಡಿಕೊಳ್ಳುತ್ತಿದ್ದವರು ಹುಟ್ಟಿದ್ದು ಕೆ.ಆರ್. ಪೇಟೆ ತಾಲೂಕಿನ ಬೂಕನಕೆರೆಯಲ್ಲಿ. ಹೀಗಾಗಿ ಸಾರಾಯಿ ಹೋದದ್ದರಲ್ಲಿ ಈ ಸೀಮೆಯ ಪಾಲು ಇದೆ, ವೈನ್ ಬಂದದ್ದರಲ್ಲಿ ಇಲ್ಲ. ದ್ರಾಕ್ಷಿಯ ಭಾಗ್ಯ ನಂದಿ ಬೆಟ್ಟದ ತಪ್ಪಲಿಗೂ ವಿಜಯಪುರದ ಕಡೆಗೂ ಹೋಯಿತು. ಇಲ್ಲಿಗೆ ಉಳಿದದ್ದು ಕಬ್ಬು, ಕಬ್ಬಿನಿಂದ ಬೆಲ್ಲ. ಒಂದು ಜಿಲ್ಲೆಗೆ ಒಂದು ಉತ್ಪನ್ನ ಎಂದು ಕೇಂದ್ರ ಸರಕಾರ ಪಟ್ಟಿ ಮಾಡಿದಾಗಲೂ ಮಂಡ್ಯದ ಎದುರು ಬರೆದದ್ದು ಬೆಲ್ಲ ಎಂದೇ.

ವೈನಿಗಿರುವುದೆಲ್ಲ ಬೆಲ್ಲಕ್ಕೂ ಇದೆ: ಮಣ್ಣಿನ ಗುಣ, ತಳಿಯ ಗುಣ, ವರ್ಷದ ಗುಣ, ಮಾಡಿದವನ ಕೈಗುಣ. ಇಲ್ಲದಿರುವುದು ಅಮಲು ಒಂದೇ. ವಿಮರ್ಶಕರ ಮಾತಿಗೆ ಕಿವಿಗೊಟ್ಟರೆ ಆ ಕೊರತೆಯೂ ನೀಗುತ್ತದೆ.

ವಿಮರ್ಶಕರಲ್ಲಿ ಮೂರು ಬಗೆ

ಮೊದಲನೆಯವನು ಮಂಡಿಯ ವಿಮರ್ಶಕ. ಮಾರುಕಟ್ಟೆಯ ಅಂಗಳದಲ್ಲಿ ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಉಂಡೆ ಬೆಲ್ಲ ರಾಶಿ ಬಿದ್ದಿರುತ್ತವೆ. ಈತ ಅವುಗಳ ನಡುವೆ ನಿಧಾನವಾಗಿ ನಡೆಯುತ್ತಾನೆ. ಒಂದು ಬೆಲ್ಲ ಎತ್ತಿ ಮೂಲೆಯನ್ನು ಹೆಬ್ಬೆರಳ ಉಗುರಿನಿಂದ ಮುರಿದು ಬೆಳಕಿಗೆ ಹಿಡಿಯುತ್ತಾನೆ. ಎರಡು ಬೆಲ್ಲವನ್ನು ಒಂದಕ್ಕೊಂದು ತಾಗಿಸಿ ಸದ್ದು ಕೇಳುತ್ತಾನೆ. ಟಣ್ ಎಂದರೆ ಗಟ್ಟಿ, ಬದ್ ಎಂದರೆ ಮೆತ್ತಗೆ. ಆಮೇಲೆ ಒಂದು ದರ ಕೂಗುತ್ತಾನೆ. ಮುರಿದ ಚೂರು ಬಾಯಿಗೆ ಹೋಗುವುದು ಅಪರೂಪ. ಸಾಮಾನ್ಯವಾಗಿ ಅದು ರಾಶಿಯ ಮೇಲೇ ಬೀಳುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೂ ಈ ಕಸುಬಿಗೆ ಅಡ್ಡಿಯಿಲ್ಲ, ಏಕೆಂದರೆ ಇದರಲ್ಲಿ ನಾಲಿಗೆಗೆ ಕೆಲಸವಿಲ್ಲ. ವೈನ್ ವಿಮರ್ಶಕ ಬಾಯಿಗೆ ಹಾಕಿಕೊಂಡು ಉಗಿಯುತ್ತಾನೆ. ನಮ್ಮವನು ಬಾಯಿಗೇ ಹಾಕಿಕೊಳ್ಳುವುದಿಲ್ಲ. ಅಷ್ಟರ ಮಟ್ಟಿಗೆ ನಾವು ಮುಂದಿದ್ದೇವೆ.

ಎರಡನೆಯವನು ಪ್ರಯೋಗಾಲಯದ ವಿಮರ್ಶಕ. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬಿನ ತಳಿ, ಹಾಲಿನ ಬ್ರಿಕ್ಸ್, ಬೆಲ್ಲದ ತೇವ ಎಲ್ಲವನ್ನೂ ಅಳೆಯುವ ವ್ಯವಸ್ಥೆ ಇದೆ. ಕಬ್ಬಿನ ಹಾಲು 18ರಿಂದ 22 ಬ್ರಿಕ್ಸ್ ಇರಬೇಕು, ಕಟಾವಿನ ಹೊತ್ತಿಗೆ ಯೂರಿಯಾ ಸುರಿದಿರಬಾರದು, ಹಾಗೆ ಸುರಿದರೆ ಬೆಲ್ಲ ಕಟ್ಟುವುದಿಲ್ಲ ಎಂದು ಈತ ಹೇಳುತ್ತಾನೆ. ಈತ ಹೇಳುವುದೆಲ್ಲ ಸರಿ. ಸರಿಯಾದ್ದರಿಂದ ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ತಳಿಗಳಿಗೆ ಹೆಸರಿಡುವ ಕೆಲಸವನ್ನೂ ವಿಜ್ಞಾನಿಗಳಿಗೇ ಬಿಟ್ಟದ್ದರಿಂದ ಇನ್ನೊಂದು ತೊಡಕಾಗಿದೆ. ಫ್ರೆಂಚರು ತಮ್ಮ ದ್ರಾಕ್ಷಿಗೆ ಮೆರ್ಲೋ, ಕಾಬರ್ನೆ ಎಂದು ಹೆಸರಿಟ್ಟರು. ನಾವು ನಮ್ಮ ಕಬ್ಬಿಗೆ ಕೋ 62175, ಕೋ 86032 ಎಂದು ಹೆಸರಿಟ್ಟೆವು. ಇದನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕಿದರೆ ರಸಿಕನು ಅದಕ್ಕೆ ಮಿಸ್ಡ್ ಕಾಲ್ ಕೊಡುವ ಸಂಭವವೇ ಹೆಚ್ಚು.

ಮೂರನೆಯವನು ವಾರಾಂತ್ಯದ ವಿಮರ್ಶಕ. ಬೆಂಗಳೂರಿನಿಂದ ಮೊಬೈಲಿಗೆ ಕೋಲು ಸಿಕ್ಕಿಸಿಕೊಂಡು ಬರುತ್ತಾನೆ. ಕುದಿಯುವ ಕೊಪ್ಪರಿಗೆಯ ಪಕ್ಕ ಹಬೆಯಲ್ಲಿ ನಿಂತು ಬಿಸಿ ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾನೆ, ನಾಲಿಗೆ ಸುಟ್ಟುಕೊಳ್ಳುತ್ತಾನೆ, ಕಣ್ಣಲ್ಲಿ ನೀರು ಬರುತ್ತದೆ. ನೋಡುವವರು ಅದನ್ನು ಭಾವಪರವಶತೆ ಎಂದು ತಿಳಿಯುತ್ತಾರೆ. ಆಲೆಮನೆಯ ಮಾಲೀಕನಿಗೆ ಇವನ ಮೇಲೆ ಸಿಟ್ಟಿಲ್ಲ. ಮೂವರಲ್ಲಿ ತಿನ್ನುವವನು ಇವನೊಬ್ಬನೇ.

ನೂರೋ, ಆರುನೂರ ಇಪ್ಪತ್ತೈದೋ

ವೈನಿಗೆ ನೂರರ ಲೆಕ್ಕದಲ್ಲಿ ಅಂಕ ಹಾಕುವ ಪದ್ಧತಿಯನ್ನು ಜಗತ್ತಿಗೆ ಹಬ್ಬಿಸಿದವರು ಅಮೆರಿಕದ ರಾಬರ್ಟ್ ಪಾರ್ಕರ್. ಅವರು ಮೂಲತಃ ಮೇರಿಲ್ಯಾಂಡಿನ ವಕೀಲರು. 1978ರಲ್ಲಿ ಸ್ವಂತ ಪತ್ರಿಕೆ ಶುರು ಮಾಡಿದರು. ಫ್ರಾನ್ಸಿನ ಬೋರ್ಡೋ ಸೀಮೆಯ 1982ರ ವೈನನ್ನು ಬೇರೆಯವರು ಅನುಮಾನಿಸುತ್ತಿದ್ದಾಗ ಹೊಗಳಿ ಹೆಸರು ಮಾಡಿದರು. ಮೂಗಿಗೆ ಹತ್ತು ಲಕ್ಷ ಡಾಲರಿನ ವಿಮೆ ಮಾಡಿಸಿದರು. ಅವರು 95 ಕೊಟ್ಟ ವೈನ್ ಸಿಗುತ್ತಿರಲಿಲ್ಲ, 85 ಕೊಟ್ಟ ವೈನ್ ಮಾರಾಟವಾಗುತ್ತಿರಲಿಲ್ಲ ಎಂಬ ಮಾತು ಆ ವ್ಯಾಪಾರದಲ್ಲಿ ಮನೆಮಾತಾಯಿತು. ಇಂಗ್ಲೆಂಡಿನ ಜಾನ್ಸಿಸ್ ರಾಬಿನ್ಸನ್ 20ಕ್ಕೆ ಅಂಕ ಹಾಕುತ್ತಾರೆ. 20ಕ್ಕೆ ಹಾಕಿದ ಅಂಕವನ್ನು ನಮ್ಮಲ್ಲಿ ಕಿರುಪರೀಕ್ಷೆ ಎನ್ನುವುದರಿಂದ ಅದನ್ನು ಇಲ್ಲಿ ಗಂಭೀರವಾಗಿ ಪರಿಗಣಿಸಿಲ್ಲ.

ಪಾರ್ಕರ್ ಪದ್ಧತಿಯ ಒಂದು ಒಳಗುಟ್ಟು ನಾಲ್ಕೂ ತಾಲೂಕಿನ ರಸಿಕರಿಗೆ ಮೆಚ್ಚುಗೆಯಾಗಿದೆ. ಅದರಲ್ಲಿ ಲೆಕ್ಕ ಶುರುವಾಗುವುದೇ 50ರಿಂದ. ಲೋಟಕ್ಕೆ ಬಿದ್ದ ತಪ್ಪಿಗೆ ಯಾವ ವೈನಿಗಾದರೂ 50 ಗ್ಯಾರಂಟಿ. ನಮ್ಮ ಪರೀಕ್ಷಾ ಮಂಡಳಿಯವರು ಗ್ರೇಸ್ ಮಾರ್ಕ್ಸ್ ಕೊಟ್ಟಾಗ ಪತ್ರಿಕೆಗಳಲ್ಲಿ ಗಲಾಟೆ ಮಾಡಿದವರು, ಪರದೇಶದಲ್ಲಿ ಪೆದ್ದ ವೈನಿಗೂ ಅರ್ಧ ಮಾರ್ಕ್ಸ್ ಕೊಟ್ಟು ಕೂರಿಸುತ್ತಾರೆ ಎಂಬುದನ್ನು ಗಮನಿಸಿಲ್ಲ. ಆದರೂ ರಸಿಕರ ಬಹುಮತದ ಅಭಿಪ್ರಾಯ ಬೇರೆಯೇ ಇದೆ. ನೂರಕ್ಕೆ ಇಷ್ಟು ಎಂದರೆ ಈ ಕಡೆ ಯಾರಿಗೂ ಮೈ ಜುಮ್ಮೆನ್ನುವುದಿಲ್ಲ. ಹುಡುಗ ಎಷ್ಟು ಬುದ್ಧಿವಂತ ಎಂದು ತಿಳಿಯಲು 625ಕ್ಕೆ ಎಷ್ಟು ಬಂತು ಎಂದು ಕೇಳುವುದು ರೂಢಿ. ಬೆಲ್ಲಕ್ಕೂ ಹಾಗೇ ಹಾಕಿದರೆ ಮನೆಮಂದಿಗೆಲ್ಲ ಅರ್ಥವಾಗುತ್ತದೆ. ಬಣ್ಣಕ್ಕೆ 125, ಗಟ್ಟಿತನಕ್ಕೆ 100, ಹರಳಿಗೆ 100, ವಾಸನೆಗೆ 100, ಸದ್ದಿಗೆ 100, ರುಚಿಗೆ ಉಳಿದ 100. ಪ್ರಥಮ ಭಾಷೆಗೆ 125 ಇರುವಂತೆ ಬೆಲ್ಲದಲ್ಲಿ ಬಣ್ಣಕ್ಕೆ 125. ಈ ವಿಂಗಡಣೆ ರಸಿಕರದ್ದಲ್ಲ, ಮಂಡಿಯಲ್ಲಿ ಈಗಾಗಲೇ ನಡೆಯುತ್ತಿರುವುದನ್ನು ಕಾಗದಕ್ಕೆ ಇಳಿಸಿದ್ದಷ್ಟೇ.

ಪ್ರಾದೇಶಿಕ ಅಸಮತೋಲನ: ತಾಲೂಕುವಾರು ವರದಿ

*ಶ್ರೀರಂಗಪಟ್ಟಣ.* ಇಲ್ಲಿಯ ರಸಿಕರು ವಿಮರ್ಶಕರ ಹೆಸರೆತ್ತಿದರೆ ಮುಗುಳ್ನಗುತ್ತಾರೆ. ಅವರ ಪ್ರಕಾರ ವಿಮರ್ಶೆ ಇಲ್ಲಿಗೆ ಬಂದು ಹೋಗಿ ಇನ್ನೂರು ವರ್ಷದ ಮೇಲಾಯಿತು. ಟಿಪ್ಪು ಬಿದ್ದು ವರ್ಷ ಕಳೆಯುವಷ್ಟರಲ್ಲಿ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಇಲ್ಲಿಗೆ ಬಂದು ಗದ್ದೆ, ಗಾಣ, ಕೊಪ್ಪರಿಗೆ ಎಲ್ಲ ನೋಡಿ ಬರೆದುಕೊಂಡರು. ಇಲ್ಲಿಯ ಕಬ್ಬು ರಸ್ತಾಳಿ, ಪಟ್ಟಾಪಟ್ಟಿ ಎಂದು ಎರಡು ಬಗೆ, ಎರಡರಿಂದಲೂ ಬೆಲ್ಲ ಬರುತ್ತದೆ, ಸಕ್ಕರೆ ತೆಗೆಯುವುದು ಪಟ್ಟಾಪಟ್ಟಿಯಿಂದ ಮಾತ್ರ ಎಂಬುದು ಅವರ ಟಿಪ್ಪಣಿ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಹೊರಬಂತು. ಬುಕನನ್ ಅಂಕ ಹಾಕಲಿಲ್ಲ. ಕಂಪನಿಯವರು ಆಮೇಲೆ ಕಂದಾಯ ಹಾಕಿದರು.

ಶ್ರೀರಂಗಪಟ್ಟಣದವರ ಇನ್ನೊಂದು ದಾಖಲೆ ಪಾಲಹಳ್ಳಿಯದು. ರೈತರು ಮಾಡಿದ ಬೆಲ್ಲವನ್ನು ಶುದ್ಧ ಮಾಡಿ ಸಕ್ಕರೆ ತೆಗೆಯಲು 1847ರಲ್ಲಿ ಅಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ಅಲ್ಲಿಯ ಸಕ್ಕರೆಗೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಹುಮಾನ ಬಂತು. ಬೋರ್ಡೋ ವೈನುಗಳನ್ನು ದರ್ಜೆವಾರು ಕೂರಿಸಿದ ಆ ಜಗತ್ಪ್ರಸಿದ್ಧ ಪಟ್ಟಿ ತಯಾರಾದದ್ದು 1855ರ ಪ್ಯಾರಿಸ್ ಪ್ರದರ್ಶನಕ್ಕೆ. ಅಂದರೆ ಪಾಲಹಳ್ಳಿ ಬೋರ್ಡೋಗಿಂತ ನಾಲ್ಕು ವರ್ಷ ಸೀನಿಯರ್. ಫ್ರೆಂಚರು ಆ ಪಟ್ಟಿಯನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. 1973ರಲ್ಲಿ ಒಬ್ಬರಿಗೆ ಎರಡನೇ ದರ್ಜೆಯಿಂದ ಮೊದಲನೇ ದರ್ಜೆಗೆ ಬಡ್ತಿ ಕೊಟ್ಟದ್ದು ಅದರ ಇತಿಹಾಸದ ದೊಡ್ಡ ಘಟನೆ. ನಾವು ಕಾರ್ಖಾನೆಯನ್ನೇ ಇಟ್ಟುಕೊಳ್ಳಲಿಲ್ಲವಾದ್ದರಿಂದ ಬಡ್ತಿಯ ತಕರಾರು ಹುಟ್ಟಲಿಲ್ಲ.

ಈಗಿನ ವಿಮರ್ಶಕರ ಬಗ್ಗೆ ಇಲ್ಲಿಯ ದೂರು ಒಂದೇ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅಂದಿನಿಂದ ಅವರು ಶ್ರೀರಂಗಪಟ್ಟಣದ ಬೆಲ್ಲವನ್ನು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ವಿಮರ್ಶಿಸುತ್ತಿದ್ದಾರೆ.

*ಪಾಂಡವಪುರ.* ಈ ಊರಿಗೆ ಹಿರೋಡೆ ಎಂಬ ಹೆಸರೂ ಇತ್ತು. ಬ್ರಿಟಿಷರ ನಕ್ಷೆಯಲ್ಲಿ ಇದು ಫ್ರೆಂಚ್ ರಾಕ್ಸ್; ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು. ಜಗತ್ತಿನ ವೈನ್ ವಿಮರ್ಶಕರೆಲ್ಲ ಮಣ್ಣಿನ ರುಚಿ, ಮಣ್ಣಿನ ರುಚಿ ಎಂದು ಜಪ ಮಾಡುವುದನ್ನು ಕಲಿತದ್ದು ಫ್ರೆಂಚರಿಂದ. ಫ್ರೆಂಚರು ಅದನ್ನು ಎಲ್ಲಿ ಕಲಿತರು ಎಂದು ಪಾಂಡವಪುರದವರು ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಅದಕ್ಕೂ ಮುಂಚೆ ವನವಾಸದಲ್ಲಿ ಪಾಂಡವರು ಕುಂತಿಬೆಟ್ಟದಲ್ಲಿ ಇದ್ದರೆಂದು ಪ್ರತೀತಿ. ಊಟದ ವಿಷಯದಲ್ಲಿ ಗಂಭೀರವಾಗಿದ್ದವರು ಎರಡೂ ಪಡೆಯಲ್ಲಿದ್ದರು: ಒಂದರಲ್ಲಿ ಭೀಮ, ಇನ್ನೊಂದರಲ್ಲಿ ಎಲ್ಲರೂ. ಇಂಥ ಊರಿಗೆ ಇಲ್ಲಿಯ ತನಕ ಒಬ್ಬ ವಿಮರ್ಶಕನೂ ನೆಟ್ಟಗೆ ಅಂಕ ಹಾಕಿಲ್ಲ. ಮೇಲುಕೋಟೆ ಇದೇ ತಾಲೂಕಿನಲ್ಲಿದೆ. ವಿಮರ್ಶಕರು ಅಲ್ಲಿಗೆ ಹೋಗಿ ಪುಳಿಯೋಗರೆಯನ್ನು ಹೊಗಳಿ ಬರೆಯುತ್ತಾರೆ. ಗೊಜ್ಜಿಗೆ ಬಿದ್ದ ಬೆಲ್ಲ ಯಾರದು ಎಂದು ಕೇಳುವುದಿಲ್ಲ.

ಮಣ್ಣಿನ ರುಚಿಯನ್ನು ಒರೆಗೆ ಹಚ್ಚಲು ಇಲ್ಲಿಯ ಒಂದು ನಮೂನೆಯ ಟಿಪ್ಪಣಿ ಕೊಡುವುದು ಉಚಿತ. ನಾಲೆಯ ಕೊನೆಯ ಜಮೀನು, ನೀರು ನಿಂತು ಚೌಳು ಹಿಡಿದ ನೆಲ, ಕೂಳೆ ಕಬ್ಬು. "ಮೂಗಿಗೆ ಮೊದಲು ಒಣ ಸಿಪ್ಪೆಯ ಹೊಗೆ, ಅದರ ಬೆನ್ನಿಗೆ ಟ್ರಾಕ್ಟರಿನ ಡೀಸೆಲ್. ಬಾಯಲ್ಲಿ ಸಿಹಿಗಿಂತ ಮುಂಚೆ ಉಪ್ಪು. ಸಿಹಿ ಆಮೇಲೆ ಬಂದು ಕ್ಷಮೆ ಕೇಳುತ್ತದೆ. ಹಲ್ಲಿಗೆ ಅಂಟುತ್ತದೆ, ಬೇಗ ಬಿಡುವುದಿಲ್ಲ. ಮಳೆಗಾಲದಲ್ಲಿ ಡಬ್ಬದಲ್ಲೇ ಬೆವರುತ್ತದೆ." ವೈನಿನಲ್ಲಿ ಇಂಥ ಉಪ್ಪನ್ನು ಖನಿಜಾಂಶ ಎಂದು ಕರೆದು ಅಂಕ ಹೆಚ್ಚು ಮಾಡುತ್ತಾರೆ. ಮಂಡಿಯಲ್ಲಿ ಅದನ್ನು ಉಪ್ಪು ಎಂದು ಕರೆದು ದರ ಇಳಿಸುತ್ತಾರೆ.

*ಕೆ.ಆರ್. ಪೇಟೆ.* ಇಲ್ಲಿಯ ರಸಿಕರ ಸಿಟ್ಟು ಐತಿಹಾಸಿಕ. "ನಮ್ ಕಡೀಕೆ ಯಾವನ್ಲಾ ಬಂದವ್ನೆ?" ಎಂಬುದು ವಿಮರ್ಶೆಯ ಬಗ್ಗೆ ತಾಲೂಕಿನ ಅಧಿಕೃತ ನಿಲುವು. ಹಳೆಯ ಪುಸ್ತಕಗಳಲ್ಲಿ ಈ ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಆಗ ಇದು ಅತ್ತಿಗುಪ್ಪೆ. ಹೆಸರು ಬದಲಾದ ಮೇಲೆ ವಿಮರ್ಶಕರಿಗೆ ವಿಳಾಸ ತಪ್ಪಿರಬಹುದು ಎಂಬ ಸಂದೇಹದ ಲಾಭವನ್ನು ಕೆಲವರು ಕೊಡುತ್ತಾರೆ. ಉಳಿದವರು ಕೊಡುವುದಿಲ್ಲ.

ಕೆ.ಆರ್. ಪೇಟೆಯವರ ತಾಂತ್ರಿಕ ವಾದ ನೀರಿಗೆ ಸಂಬಂಧಿಸಿದ್ದು. ಅವರದು ಹೇಮಾವತಿ ನೀರು. ಮಂದಗೆರೆ ಅಣೆಕಟ್ಟೆ ಕೆ.ಆರ್.ಎಸ್.ಗಿಂತ ಎಷ್ಟೋ ಹಳೆಯದು. ಆ ಹೇಮಾವತಿ ಮುಂದೆ ಹೋಗಿ ಕೆ.ಆರ್.ಎಸ್. ಹಿನ್ನೀರಿನಲ್ಲೇ ಕಾವೇರಿಗೆ ಸೇರುತ್ತದೆ. ಆದ್ದರಿಂದ ಕಟ್ಟೆಯ ಕೆಳಗಿನ ಕಬ್ಬು ಕುಡಿಯುವುದು ಇವರ ನೀರನ್ನೂ ಹೌದು. ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ಬರುವ ಯಾವುದೇ ಅಂಕದಲ್ಲಿ ಕೆ.ಆರ್. ಪೇಟೆಗೆ ಪಾಲು ಸಲ್ಲಬೇಕು. ಈ ಬೇಡಿಕೆಯನ್ನು ಕೆಳಗಿನ ಎರಡು ತಾಲೂಕಿನವರು ತಮಿಳುನಾಡಿನ ವಾದ ಎಂದು ತಳ್ಳಿಹಾಕಿದ್ದಾರೆ.

*ನಾಗಮಂಗಲ.* ಇಲ್ಲಿ ರಾಗಿ, ತೆಂಗು ಹೆಚ್ಚು, ನಾಲೆ ನೀರು ಕಡಿಮೆ, ಕಬ್ಬು ಇನ್ನೂ ಕಡಿಮೆ. ಆದ್ದರಿಂದ ಬೆಲ್ಲದ ಬಗ್ಗೆ ಅತ್ಯಂತ ಕಟುವಾದ, ಅತ್ಯಂತ ನಂಬಲರ್ಹವಾದ ಅಭಿಪ್ರಾಯಗಳು ಬರುವುದು ನಾಗಮಂಗಲದಿಂದ. ಹೇಳಿಕೊಳ್ಳುವಂಥ ದ್ರಾಕ್ಷಿತೋಟ ಇಲ್ಲದ ಕಾಲದಲ್ಲೇ ಇಂಗ್ಲೆಂಡು ವೈನ್ ವಿಮರ್ಶೆಯ ರಾಜಧಾನಿಯಾಯಿತು. ಬೆಲ್ಲದ ಮಟ್ಟಿಗೆ ನಾಗಮಂಗಲವೇ ಇಂಗ್ಲೆಂಡು. ಕಾಯಿ ತಮ್ಮದೇ ಆದ್ದರಿಂದ ಬೆಲ್ಲ ಯಾವ ಕಾಯಿಗೆ ಹೊಂದುತ್ತದೆ ಎಂಬುದರಲ್ಲಿ ಇವರದೇ ಕೊನೆಯ ಮಾತು. ವೈನಿನ ಜತೆ ಯಾವ ಚೀಸ್ ಎಂದು ಯುರೋಪಿನವರು ಪುಸ್ತಕ ಬರೆಯುತ್ತಾರೆ. ಕಾಯಿ ಬೆಲ್ಲ, ಹುರಿಗಡಲೆ ಬೆಲ್ಲ, ಬೆಲ್ಲದ ಕಾಫಿ, ಬಾಗಿಲಿಗೆ ಬಂದವರಿಗೆ ನೀರು ಬೆಲ್ಲ: ಇಷ್ಟನ್ನೂ ನಾಗಮಂಗಲದ ಅಜ್ಜಿಯರು ಪುಸ್ತಕ ಬರೆಯದೆ ಇತ್ಯರ್ಥ ಮಾಡಿ ಹೋಗಿದ್ದಾರೆ.

ನಾಲ್ಕೂ ತಾಲೂಕು ಒಗ್ಗಟ್ಟಾಗುವುದು ಒಂದೇ ವಿಷಯದಲ್ಲಿ. ಕೊಲ್ಹಾಪುರದ ಬೆಲ್ಲಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಕೇರಳದ ಮರಯೂರಿನ ಬೆಲ್ಲಕ್ಕೂ 2019ರಲ್ಲಿ ಸಿಕ್ಕಿದೆ. ಈ ಸುದ್ದಿಯನ್ನು ಯಾರಾದರೂ ಎತ್ತಿದರೆ ಕಾವೇರಿ, ಹೇಮಾವತಿ ಎರಡೂ ಒಂದಾಗಿ ಹರಿಯುತ್ತವೆ.

ವರ್ಷದ ಗುಣ

ಬೋರ್ಡೋದಲ್ಲಿ ಒಳ್ಳೆಯ ವರ್ಷ, ಕೆಟ್ಟ ವರ್ಷ ತೀರ್ಮಾನವಾಗುವುದು ಮಳೆ ಬಿಸಿಲಿನಿಂದ. ಇಲ್ಲಿ ವ್ಯವಸ್ಥೆ ಇನ್ನೂ ಮುಂದುವರಿದದ್ದು. ಕೊಡಗಿನಲ್ಲಿ ಮಳೆ ಬಂದು ಕೆ.ಆರ್.ಎಸ್. ಕಟ್ಟೆ 124.80 ಅಡಿ ತುಂಬಿದರೆ ಅದು ಒಳ್ಳೆಯ ವರ್ಷದ ಮೊದಲರ್ಧ. ಎರಡನೆಯರ್ಧ ದೆಹಲಿಯಲ್ಲಿ ಇತ್ಯರ್ಥವಾಗುತ್ತದೆ. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿತು. ವೈನಿನ ಗುಣವನ್ನು ಸುಪ್ರೀಂ ಕೋರ್ಟಿನ ಮಟ್ಟದಲ್ಲಿ ತೀರ್ಮಾನಿಸುವ ಸೌಭಾಗ್ಯ ಫ್ರೆಂಚರಿಗೆ ಇನ್ನೂ ಬಂದಿಲ್ಲ. 2023ರಲ್ಲಿ ಕಟ್ಟೆ ತುಂಬಲಿಲ್ಲ, ಮಂಡ್ಯದಲ್ಲಿ ರಸ್ತೆ ತುಂಬಿತು. ಆ ವರ್ಷದ ಬೆಲ್ಲದ ಬಗ್ಗೆ ರಸಿಕರು ದನಿ ತಗ್ಗಿಸಿ ಮಾತಾಡುತ್ತಾರೆ. ಹಳೆಯ ಬೆಲ್ಲ ಔಷಧಿಗೆ ಒಳ್ಳೆಯದು ಎಂದು ಆಯುರ್ವೇದ ಹೇಳುವುದರಿಂದ, ಅಟ್ಟದ ಮೇಲೆ ಮರೆತುಹೋದ ಯಾವ ಬೆಲ್ಲವನ್ನಾದರೂ ಸಂಗ್ರಹಯೋಗ್ಯ ಎಂದು ಘೋಷಿಸಲು ಅವಕಾಶವಿದೆ. ಇರುವೆಗಳು ಈ ಅವಕಾಶವನ್ನು ಮೊದಲೇ ಗುರುತಿಸಿವೆ.

ಬಣ್ಣದ ವಿಷಯ

2001ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ವೈನ್ ಶಾಸ್ತ್ರ ಓದುತ್ತಿದ್ದ 54 ಜನರ ಮುಂದೆ ಬಿಳಿ ವೈನ್ ಇಟ್ಟರು, ಆದರೆ ಅದಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ್ದರು. ಕಲಿತವರೆಲ್ಲ ಮೂಸಿ, ಕೆಂಪು ವೈನಿಗೆ ಹೇಳಬೇಕಾದ ಮಾತುಗಳನ್ನೇ ಹೇಳಿದರು. ಕಣ್ಣು ಹೇಳಿದ್ದನ್ನು ಮೂಗು ಬರೆದುಕೊಂಡಿತು. ಜಗತ್ತು ಇದಕ್ಕೆ ಬೆರಗಾಯಿತು. ಮಂಡ್ಯ ಜಿಲ್ಲೆಯಲ್ಲಿ ಯಾರೂ ಬೆರಗಾಗಲಿಲ್ಲ, ಏಕೆಂದರೆ ಈ ಪ್ರಯೋಗ ಇಲ್ಲಿ ದಿನಾ ನಡೆಯುತ್ತದೆ, ಇನ್ನೂ ದೊಡ್ಡ ಕೊಪ್ಪರಿಗೆಯಲ್ಲಿ.

ಕಬ್ಬಿನ ಹಾಲು ಕಾಯಿಸಿದರೆ ಸಹಜವಾಗಿ ಬರುವ ಬಣ್ಣ ಕಂದು, ಕೆಲವೊಮ್ಮೆ ಕರಿಗಂದು. ಮಂಡಿಯ ವಿಮರ್ಶಕನ ಕಣ್ಣಿಗೆ ಅದು ಕೊಳಕು. ಅವನ ಅಂಕ ಅರಿಸಿನದ ಬಣ್ಣಕ್ಕೆ, ಚಿನ್ನದ ಬಣ್ಣಕ್ಕೆ. ಆದ್ದರಿಂದ ಎಷ್ಟೋ ಆಲೆಮನೆಗಳಲ್ಲಿ ಕುದಿಯುವ ಹಾಲಿಗೆ ಹೈಡ್ರೋಸ್ ಎಂಬ ಬಿಳಿ ಪುಡಿ ಬೀಳುತ್ತದೆ; ಸೋಡಿಯಂ ಹೈಡ್ರೋಸಲ್ಫೈಟ್ ಎಂಬುದು ಅದರ ದಾಖಲೆಯ ಹೆಸರು. ಬಿದ್ದ ಕೂಡಲೇ ಕೊಪ್ಪರಿಗೆ ಬೆಳಗುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಭಾಗ ಮೀರಬಾರದು ಎಂದು ಆಹಾರ ಸುರಕ್ಷತೆಯ ನಿಯಮ ಹೇಳುತ್ತದೆ. ಆಲೆಮನೆಯಲ್ಲಿ ಅಳತೆಯ ಮಾನ ಹಿಡಿ. ಒಂದು ಹಿಡಿಯಲ್ಲಿ ಹತ್ತು ಲಕ್ಷಕ್ಕೆ ಎಷ್ಟು ಭಾಗ ಎಂಬುದು ಹಿಡಿದವನ ಕೈ ಗಾತ್ರದ ಮೇಲೆ ನಿಂತಿದೆ. ಕೆಲವು ಕಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಗ್ಗದ ಸಕ್ಕರೆಯನ್ನೇ ಹಾಲಿಗೆ ಸುರಿಯುತ್ತಾರೆ. ತೂಕಕ್ಕೆ ತೂಕ, ಬಣ್ಣಕ್ಕೆ ಬಣ್ಣ. ಬೆಲ್ಲದಿಂದ ಸಕ್ಕರೆ ಮಾಡಿದ್ದಕ್ಕೆ ಪಾಲಹಳ್ಳಿಗೆ ಲಂಡನ್ನಿನಲ್ಲಿ ಬಹುಮಾನ ಬಂತು. ಸಕ್ಕರೆಯಿಂದ ಬೆಲ್ಲ ಮಾಡುವ ವಿದ್ಯೆಗೆ ಬಹುಮಾನ ಕೊಡಬಲ್ಲ ಪ್ರದರ್ಶನ ಇನ್ನೂ ಏರ್ಪಟ್ಟಿಲ್ಲ.

ಪಾರ್ಕರ್ ಮೇಲೂ ವೈನ್ ರಸಿಕರ ದೊಡ್ಡ ಆಪಾದನೆ ಇದೇ. ಅವರಿಗೆ ದಪ್ಪ, ಗಾಢ, ಮಾಗಿದ ವೈನ್ ಇಷ್ಟ ಎಂದು ಗೊತ್ತಾದ ಮೇಲೆ ಯಾರ್‍ಯಾರೋ ಎಲ್ಲೆಲ್ಲೋ ತಮ್ಮ ವೈನನ್ನು ಹಾಗೇ ತಿದ್ದತೊಡಗಿದರು. ಅಂಕ ಹಾಕುವವನ ನಾಲಿಗೆಗೆ ತಕ್ಕ ವೈನ್ ಜಗತ್ತಿನಾದ್ಯಂತ ಹರಿಯಿತು. ನಮ್ಮಲ್ಲಿ ಬೆಲ್ಲ ವಿಮರ್ಶಕನ ನಾಲಿಗೆಗೆ ತಕ್ಕಂತೆ ಕೆಟ್ಟಿಲ್ಲ ಎಂಬುದು ಸಮಾಧಾನದ ಸಂಗತಿ. ಅವನು ನಾಲಿಗೆ ಬಳಸಿದ್ದರೆ ತಾನೆ.

ರಸಿಕರು ಈ ಹೈಡ್ರೋಸ್ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲರು. ಮಾತು ಮುಗಿಸಿ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಕಂದು ಬೆಲ್ಲ ಎತ್ತಿ ತಕ್ಕಡಿಗೆ ಇಡುತ್ತಾನೆ. "ಇದ್ಯಾಕಣ್ಣ ಹಿಂಗ್ ಕರ್‍ರಗದೆ, ಬ್ಯಾರೆ ಕೊಡು" ಎನ್ನುತ್ತಾರೆ. ಹಬ್ಬಕ್ಕೆ ಗಣಪತಿ ಬೇಕು, ಗಣಪತಿ ಹಳದಿಯೇ ಇರಬೇಕು. ಬೆಲ್ಲದ ಗಣಪತಿಯ ಮೈಯಿಂದಲೇ ಚಿವುಟಿ ನೈವೇದ್ಯ ಮಾಡಿದರಂತೆ ಎಂದು ಗಾದೆ ನಗುತ್ತದೆ. ಆ ಚಿವುಟಿದ ಚೂರಿನಲ್ಲಿ ಎಷ್ಟು ಗಂಧಕ ಎಂದು ಗಣಪತಿ ಇಲ್ಲಿಯವರೆಗೆ ವಿಚಾರಿಸಿಲ್ಲ. ಈಚೆಗೆ ಬೆಂಗಳೂರಿನ ಸಾವಯವ ಅಂಗಡಿಗಳಲ್ಲಿ ಕಪ್ಪು ಬೆಲ್ಲಕ್ಕೆ ಹೆಚ್ಚು ಬೆಲೆ ಬರುತ್ತಿದೆ. ಕಪ್ಪಿಗೂ ಅಂಕ ಉಂಟು ಎಂಬುದು ಖಾತ್ರಿಯಾದ ದಿನ ಬೆಲ್ಲವನ್ನು ಕಪ್ಪು ಮಾಡುವ ಪುಡಿಯೂ ಅಂಗಡಿಗೆ ಬರುತ್ತದೆ. ಶಾಸ್ತ್ರ ನಿಂತ ನೀರಲ್ಲ.

ಪಾಕ ನೋಡುವವನು

ವಿಮರ್ಶೆಯ ಚರ್ಚೆಯಲ್ಲಿ ಹೆಸರೇ ಬಾರದ ಒಬ್ಬನಿದ್ದಾನೆ. ಹಾಲು ಕೊಪ್ಪರಿಗೆಗೆ ಬಿದ್ದ ಮೇಲೆ ಕಾಡುಬೆಂಡೆಯ ಕಾಂಡ ಜಜ್ಜಿದ ಲೋಳೆ ನೀರನ್ನು ಸುರಿಯುವವನು ಇವನು. ಮಡ್ಡಿಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಜಾಲರಿಯಿಂದ ಬಾಚಿ ಎಸೆಯುತ್ತಾನೆ. ನೊರೆ ಉಕ್ಕಿ ಹೊರಗೆ ಬರುವ ಹೊತ್ತಿಗೆ ನಾಲ್ಕು ಹನಿ ಹರಳೆಣ್ಣೆ ಚಿಮುಕಿಸುತ್ತಾನೆ, ಉಕ್ಕು ಕುಸಿಯುತ್ತದೆ. ಕೊನೆಗೆ ಗುಳ್ಳೆಗಳು ದಪ್ಪಗಾಗಿ ಗೊಳಗೊಳ ಎನ್ನತೊಡಗಿದಾಗ ಪಾಕವನ್ನು ಸೌಟಿನಲ್ಲಿ ಒಂದಿಷ್ಟು ಎತ್ತಿ ತಣ್ಣೀರಿನ ಬೋಸಿಗೆ ಬಿಡುತ್ತಾನೆ, ನೀರೊಳಗೇ ಬೆರಳಲ್ಲಿ ಉಂಡೆ ಮಾಡುತ್ತಾನೆ, ಆ ಉಂಡೆಯನ್ನು ಬೋಸಿಯ ಅಂಚಿಗೆ ಹೊಡೆಯುತ್ತಾನೆ. ಟಕ್ ಎಂದರೆ ಪಾಕ ಬಂತು. ಕೂಗು ಹಾಕುತ್ತಾನೆ, ಕೊಪ್ಪರಿಗೆ ಒಲೆಯಿಂದ ಮೇಲೇಳುತ್ತದೆ. ಪ್ರಯೋಗಾಲಯದವರು ಇದನ್ನು ಸುಮಾರು 118 ಡಿಗ್ರಿ ಎನ್ನುತ್ತಾರೆ. ಇವನ ಬಳಿ ಉಷ್ಣಮಾಪಕವಿಲ್ಲ. ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಗಳಿಗೆ ತಡವಾದರೆ ಸೀಯುತ್ತದೆ. ಒಂದು ಟನ್ ಕಬ್ಬಿಗೆ ಬರುವ ಸುಮಾರು 100 ಕಿಲೋ ಬೆಲ್ಲದ ಗುಣ ಆ ಟಕ್ ಮೇಲೆ ನಿಂತಿದೆ.

ಎಷ್ಟೋ ಆಲೆಮನೆಗಳಲ್ಲಿ ಇವನು ಈಗ ಉತ್ತರ ಪ್ರದೇಶದಿಂದ ಬಂದವನು. ಇದರಿಂದ ಶುದ್ಧವಾದಿ ರಸಿಕರಿಗೆ ಕಸಿವಿಸಿಯಿದೆ: ಕಬ್ಬು ನಮ್ಮದು, ನೀರು ನಮ್ಮದು, ಕೈ ಅವನದಾದರೆ ಅದು ಯಾವ ಸೀಮೆಯ ಬೆಲ್ಲ? ಫ್ರಾನ್ಸಿನ ಮಿಶೆಲ್ ರೊಲಾಂ ದೇಶದಿಂದ ದೇಶಕ್ಕೆ ಹಾರಿ ಹತ್ತಾರು ಕಡೆ ವೈನ್ ಮಾಡಲು ಸಲಹೆ ಕೊಟ್ಟಾಗಲೂ ಇದೇ ಪ್ರಶ್ನೆ ಎದ್ದಿತ್ತು. ಅವರನ್ನು ಹಾರುವ ವೈನ್ ತಜ್ಞರು ಎಂದು ಕರೆದರು. ಇವನು ರೈಲಿನ ಜನರಲ್ ಬೋಗಿಯಲ್ಲಿ ಬಂದದ್ದರಿಂದ ತಜ್ಞ ಎನ್ನಲು ತಾಂತ್ರಿಕ ಅಡಚಣೆಯಿದೆ.

ಶಿಫಾರಸುಗಳು

ಮೇಲಿನ ಎಲ್ಲವನ್ನೂ ಪರಿಗಣಿಸಿ ಈ ಕೆಳಗಿನಂತೆ ಶಿಫಾರಸು ಮಾಡಲಾಗಿದೆ.

ಒಂದು, ಮಂಡಿಯ ವಿಮರ್ಶಕರು ವರ್ಷಕ್ಕೆ ಒಂದು ಸಲವಾದರೂ ಬೆಲ್ಲ ತಿನ್ನತಕ್ಕದ್ದು. ಸಂಕ್ರಾಂತಿ ಸೂಕ್ತ ದಿನ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂಬ ಕಟ್ಟಳೆ ಇರುವುದರಿಂದ ಆ ದಿನ ಕೊಟ್ಟ ಅಂಕವನ್ನು ಲೆಕ್ಕಕ್ಕೆ ಹಿಡಿಯಬಾರದು.

ಎರಡು, ವಾರಾಂತ್ಯದ ವಿಮರ್ಶಕರು ಎಕ್ಸ್‌ಪ್ರೆಸ್‌ವೇಯಿಂದ ಇಳಿಯತಕ್ಕದ್ದು. ಕೆ.ಆರ್. ಪೇಟೆಗೆ ಹೋಗುವ ದಾರಿ ಕೇಳಿದವರಿಗೆ ತಾಲೂಕಿನ ಪರವಾಗಿ ಸನ್ಮಾನ ಮಾಡಬಹುದು.

ಮೂರು, ಬಣ್ಣದ 125 ಅಂಕವನ್ನು ರುಚಿಗೂ ರುಚಿಯ 100ನ್ನು ಬಣ್ಣಕ್ಕೂ ಅದಲುಬದಲು ಮಾಡುವ ಸಲಹೆ ಬಂದಿತ್ತು. ಮಾರುಕಟ್ಟೆಯ ಶಾಂತಿ ಸುವ್ಯವಸ್ಥೆಯ ದೃಷ್ಟಿಯಿಂದ ಅದನ್ನು ಕೈಬಿಡಲಾಗಿದೆ.

ನಾಲ್ಕನೆಯದು ಶಿಫಾರಸಲ್ಲ, ಅಧ್ಯಯನದ ಮಿತಿ. ಆಲೆಮನೆಯಲ್ಲಿ ಮಾರಾಟದ ಪಾಕ ಮುಗಿದ ಮೇಲೆ, ಕಬ್ಬು ತಂದ ರೈತರು ಕೆಲವು ಸಲ ಒಂದು ಕೊಪ್ಪರಿಗೆ ಬೇರೆ ಇಳಿಸಿಕೊಳ್ಳುತ್ತಾರೆ. ಅದಕ್ಕೆ ಪುಡಿ ಹಾಕಬೇಡ ಎಂದು ಪಾಕದವನಿಗೆ ಮೊದಲೇ ಹೇಳಿರುತ್ತಾರೆ. ಆ ಬೆಲ್ಲ ಕಂದಗೆ, ಕರ್‍ರಗೆ, ಆಕಾರವಿಲ್ಲದೆ ಇರುತ್ತದೆ. ಅದನ್ನು ಮನೆಗೆ ಒಯ್ಯುತ್ತಾರೆ. ಮಕ್ಕಳಿಗೆ, ಬಾಣಂತಿಯರಿಗೆ, ದೂರದ ಊರಿಗೆ ಮದುವೆಯಾಗಿ ಹೋದ ಮಗಳಿಗೆ ಕೊಡುತ್ತಾರೆ. ಅದು ಮಂಡಿಗೆ ಬರುವುದಿಲ್ಲ. ಅದರ ಮೂಲೆಯನ್ನು ಯಾವ ಉಗುರೂ ಮುರಿದಿಲ್ಲ, ಅದಕ್ಕೆ ಯಾರೂ ದರ ಕೂಗಿಲ್ಲ, 625ಕ್ಕೆ ಇರಲಿ, 20ಕ್ಕೂ ಅಂಕ ಹಾಕಿಲ್ಲ. ಅಂಕವಿಲ್ಲದ ಪದಾರ್ಥದ ಬಗ್ಗೆ ಈ ಶಾಸ್ತ್ರ ಏನನ್ನೂ ಹೇಳಲಾರದು. ತಿಂದವರು ಚೆನ್ನಾಗಿದೆ ಎನ್ನುತ್ತಾರೆ ನಿಜ. ಆದರೆ ಅವರು ಬೆಲ್ಲ ಮಾಡುವವರು. ಅವರ ಅಭಿಪ್ರಾಯವನ್ನು ವಿಮರ್ಶೆ ಎಂದು ಒಪ್ಪಿಕೊಳ್ಳುವ ಪದ್ಧತಿ ಯಾವ ದೇಶದಲ್ಲೂ ಇಲ್ಲ.